ಬಾಗಿಲು ಮುಚ್ಚಿರಲಿ



ಹೋದ ವರ್ಷ ನಮ್ಮಮ್ಮನಿಗೆ ಮಂಡಿ ಬದಲಿಸುವ ಆಪರೇಷನ್ ಆಯಿತು. ನಾವಿರುವುದು ಬಾಲಾನಗರದಲ್ಲಿ. ಕಾರ್ಖಾನೆ, ಲಾರಿಗಳ ನಡುವೆ ಬೆಳಿಗ್ಗೆ ಒರೆಸಿದ ಕಿಟಕಿಯ ಮೇಲೆ ಸಂಜೆಗೆ ಮತ್ತೆ ಧೂಳು. ಒಳಗೆ ನಂಜಾದರೆ ಹಾಕಿದ ಕೀಲನ್ನೇ ತೆಗೆಯಬೇಕಾಗಬಹುದು ಎಂದು ಕೇಳಿ ನನಗೆ ನಿದ್ದೆ ಬರಲಿಲ್ಲ.

ಎಂಟೆಕ್ ಓದಿದವಳಲ್ಲವೇ, ಯಂತ್ರದ ಬಗ್ಗೆಯೇ ಕೇಳಿದೆ: "ಡಾಕ್ಟ್ರೇ, ಲ್ಯಾಮಿನಾರ್ ಏರ್‌ಫ್ಲೋ ಇದೆಯಾ?"

"ಇದೆಯಮ್ಮಾ. ಆದರೆ ಬಾಗಿಲು ತೆಗೀತಾ ಹಾಕ್ತಾ ಇದ್ರೆ ಯಾವ ಯಂತ್ರ ಏನು ಮಾಡುತ್ತೆ?" ಎಂದರು.

ಮನೆಗೆ ಬಂದು ಓದಿದೆ. ಥಿಯೇಟರಿಗೆ ಬರುವ ಗಾಳಿಯನ್ನು ಹೆಪಾ ಫಿಲ್ಟರ್ ಸೋಸುತ್ತದೆ. ಗಂಟೆಗೆ ಸುಮಾರು 20 ಸಲ ಗಾಳಿ ಬದಲಾಗಬೇಕು. ಒಳಗಿನ ಒತ್ತಡ ಹೊರಗಿಗಿಂತ ತುಸು ಹೆಚ್ಚಿರುವುದರಿಂದ ಹೊರಗಿನ ಗಾಳಿ ನುಗ್ಗುವುದಿಲ್ಲ. ಬಾಗಿಲು ತೆರೆದಾಗಲೆಲ್ಲ ಆ ಒತ್ತಡ ಇಳಿಯುತ್ತದೆ. ಒಳಗಿರುವವರ ಚರ್ಮದಿಂದಲೂ ರೋಗಾಣು ಉದುರುತ್ತವೆ; ಜನ ಹೆಚ್ಚಿದಷ್ಟೂ ಅವೂ ಹೆಚ್ಚು. ನಾನು ಕೇಳಿದ ಲ್ಯಾಮಿನಾರ್ ವ್ಯವಸ್ಥೆ? ಕೀಲು ಬದಲಾವಣೆಯಲ್ಲಿ ಸೋಂಕು ತಡೆಯಲು ಅದು ಬೇಕಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲೇ ಸಲಹೆ ಕೊಟ್ಟಿದೆ!

ನಮ್ಮ ಪಾಲಿನ ಕೆಲಸವೂ ಇದೆ. ಆಪರೇಷನ್‌ಗೆ ಮುಂಚೆ ಚೆನ್ನಾಗಿ ಸ್ನಾನ ಮಾಡಿಸಿ. ಮನೆಯಲ್ಲಿ ಬ್ಲೇಡಿನಿಂದ ಕೂದಲು ತೆಗೆಯಬೇಡಿ. ಕಾಣದ ಗೀರುಗಳಲ್ಲಿ ರೋಗಾಣು ಸೇರುತ್ತವೆ. ಸಕ್ಕರೆ ಕಾಯಿಲೆ ಹತೋಟಿಯಲ್ಲಿರಲಿ. ಥಿಯೇಟರ್ ಬಾಗಿಲಲ್ಲಿ ಗುಂಪುಗೂಡಬೇಡಿ.

ಪ್ರಸಾದ ಹಿಡಿದು ಆ ಬಾಗಿಲಿಗೆ ಹೊರಟ ಚಿಕ್ಕಮ್ಮನನ್ನು ನಾನೇ ತಡೆದೆ. ಅಮ್ಮ ಈಗ ಮೆಟ್ಟಿಲು ಹತ್ತುತ್ತಾರೆ. ಚಿಕ್ಕಮ್ಮನ ಮುನಿಸು ಮಾತ್ರ ಇನ್ನೂ ಇಳಿದಿಲ್ಲ!