ಹಾಡನ್ನು ಬಿಡಿಸಿ ನೋಡುವ ಕೇಳುಗರು



ವ್ಯವಸ್ಥೆಯನ್ನು ಅಬ್ಬರದ ದನಿಯಲ್ಲಿ ಪ್ರಶ್ನಿಸುವ ಸಂಗೀತ ಪಂಕ್. ಬ್ರಿಟನ್ನಿನ ಪಂಕ್ ತಂಡ ‘ದ ಕ್ಲ್ಯಾಷ್’ 1979ರ ಡಿಸೆಂಬರಿನಲ್ಲಿ ‘ಲಂಡನ್ ಕಾಲಿಂಗ್’ ಎಂಬ ಹಾಡನ್ನು ಹೊರತಂದಿತು. ಅದರ ಅಭಿಮಾನಿಗಳು ಇಂದಿಗೂ ಸಾಲುಸಾಲನ್ನು ಬಿಡಿಸಿ ಚರ್ಚಿಸುತ್ತಾರೆ.

ಶೀರ್ಷಿಕೆಯ ಮೂಲ ಯಾವುದು? ಎರಡನೆಯ ಮಹಾಯುದ್ಧ ಕಾಲದ ಬಿಬಿಸಿ ರೇಡಿಯೋ ಕರೆ. ಅಣುದುರಂತದ ಮಾತೇಕೆ? ಅದೇ ವರ್ಷದ ಮಾರ್ಚ್ 28ರಂದು ಅಮೆರಿಕದ ತ್ರೀ ಮೈಲ್ ಐಲೆಂಡ್ ಸ್ಥಾವರದ ಒಂದು ರಿಯಾಕ್ಟರಿನ ಇಂಧನ ಭಾಗಶಃ ಕರಗಿತ್ತು. ಮುಳುಗುವ ಭೀತಿ ಏಕೆ? ಥೇಮ್ಸ್ ನದಿಯ ಉಬ್ಬರದ ಪ್ರವಾಹದಿಂದ ಲಂಡನ್ನನ್ನು ಕಾಯುವ ಬೃಹತ್ ಗೇಟುಗಳು ಉದ್ಘಾಟನೆಯಾದದ್ದೇ 1984ರಲ್ಲಿ.

ಆದರೆ ಹಾಡು ಹಿಮಯುಗವನ್ನೂ ಸೂರ್ಯನ ಉರಿಯನ್ನೂ ಒಟ್ಟಿಗೆ ತರುತ್ತದೆ. 1970ರ ದಶಕದ ಕೆಲವು ಪತ್ರಿಕೆಗಳು ಭೂಮಿ ತಣ್ಣಗಾಗುವುದೆಂದು ಬರೆದಿದ್ದವು. ವಿಜ್ಞಾನ ಪ್ರಬಂಧಗಳಲ್ಲಿ ಹೆಚ್ಚಿನವು ಆಗಲೇ ಬಿಸಿಯೇರುವಿಕೆಯನ್ನು ಸೂಚಿಸಿದ್ದವು.

ಹಾಡು ವರದಿಯಲ್ಲ, ಅದು ಕಾಲದ ಆತಂಕವನ್ನು ದಾಖಲಿಸುತ್ತದೆ. ಆತಂಕಕ್ಕೆ ಆಧಾರವಿದೆಯೇ ಎಂದು ಪರೀಕ್ಷಿಸುವ ಹೊಣೆ ಕೇಳುಗರದು. ಪರಿಸರ ಚಳವಳಿಯ ಹಾಡುಗಳಿಗೂ ಇಂತಹ ಕೇಳುಗರು ಬೇಕು. ಒಂದು ತಪ್ಪು ಸಂಗತಿಯನ್ನು ಹಿಡಿದು ವಿರೋಧಿಗಳು ಇಡೀ ಬೇಡಿಕೆಯನ್ನೇ ತಳ್ಳಿಹಾಕಬಲ್ಲರು. ಆದ್ದರಿಂದ ವಿದ್ಯಾರ್ಥಿಗಳು ಮೆರವಣಿಗೆಯಲ್ಲಿ ದನಿಗೂಡಿಸಲಿ. ಹಾಡಿದ ಪ್ರತಿ ಸಾಲಿಗೂ ಪುರಾವೆಯನ್ನು ಹುಡುಕಲಿ.