ಹೆಜ್ಜೆ ತಪ್ಪದ ಅಲೆಗಳು



ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿ ನಿಂತರೆ ಮಗ್ಗಗಳ ಸದ್ದು ಕಿವಿ ತುಂಬುತ್ತದೆ. ಒಂದೊಂದು ಮಗ್ಗಕ್ಕೂ ಒಂದೊಂದು ಲಯ. ಎಲ್ಲ ಸೇರಿದರೆ ಬರೀ ಗದ್ದಲ. ಡೊಳ್ಳು ಕುಣಿತದವರು ಹಾಗಲ್ಲ, ಹತ್ತು ಜನರೂ ಒಟ್ಟಿಗೆ ಏಟು ಹಾಕುತ್ತಾರೆ. ಬಲ್ಬಿನ ಬೆಳಕು ಮಗ್ಗಗಳಂತೆ, ಟವರುಗಳು ಕಳಿಸುವ ಮೈಕ್ರೋವೇವ್ ಅಲೆಗಳು ಡೊಳ್ಳಿನಂತೆ. ಹೀಗೆ ಹೆಜ್ಜೆ ಕೂಡಿದ ಅಲೆಗಳನ್ನು ಸಂಸಕ್ತ ಅಲೆಗಳು ಅನ್ನುತ್ತೇವೆ.

ಅದೇ ಬೀದಿಯಲ್ಲಿ ತಲೆ ಎತ್ತಿ ನೋಡಿ. ಮೊಬೈಲ್ ಟವರಿನ ಮೇಲೆ ಉದ್ದನೆಯ ಆಂಟೆನಾಗಳಿರುತ್ತವೆ. ಅವು ನಮ್ಮ ಫೋನಿಗೆ. ಜೊತೆಗೆ ತಮಟೆಯಂಥ ದುಂಡನೆಯದೊಂದು ಕಂಡರೆ, ಅದರ ಮಾತೆಲ್ಲ ಇನ್ನೊಂದು ಟವರಿನೊಡನೆ. ಒಳಗಿರುವುದು ಬೋಗುಣಿಯಾಕಾರದ ತಟ್ಟೆ. ನಡುವಿನಿಂದ ಹೊರಟ ಅಲೆ ತಟ್ಟೆಯ ಯಾವ ಮೂಲೆಗೆ ಬಡಿದು ಬಂದರೂ ನಡೆದ ದಾರಿ ಒಂದೇ ಉದ್ದ. ಆದ್ದರಿಂದ ಎಲ್ಲವೂ ಒಂದೇ ಹೆಜ್ಜೆಯಲ್ಲಿ ಹೊರಬಿದ್ದು ಕಿರಿದಾದ ಕಿರಣವಾಗುತ್ತವೆ. 2 ಸೆಂ.ಮೀ. ಉದ್ದದ ಅಲೆ, 60 ಸೆಂ.ಮೀ. ಅಗಲದ ತಟ್ಟೆ ಎಂದುಕೊಳ್ಳಿ: 10 ಕಿ.ಮೀ. ಆಚೆಗೆ ಆ ಕಿರಣ ಸುಮಾರು 400 ಮೀಟರ್ ಹರಡಿರುತ್ತದೆ, ಅಷ್ಟೆ. ನಡುವೆ ಗುಡ್ಡವೋ ಎತ್ತರದ ಕಟ್ಟಡವೋ ಅಡ್ಡ ಬಂದರೆ ಸಂಪರ್ಕ ಕಡಿದಂತೆಯೇ.

ಸುದ್ದಿ ಹೋಗುವುದು ಹೇಗೆ? ಹೆಜ್ಜೆಯನ್ನು ಬೇಕೆಂದೇ ಕೊಂಚ ಹಿಂದೆಮುಂದೆ ಮಾಡುತ್ತಾರೆ. ಆ ಕಡೆಯ ಯಂತ್ರ ತನ್ನದೇ ತಾಳ ಹಾಕುತ್ತಾ ಎಲ್ಲಿ ತಪ್ಪಿತೆಂದು ಗುರುತಿಸಿ ಸೊನ್ನೆ, ಒಂದುಗಳಾಗಿ ಓದಿಕೊಳ್ಳುತ್ತದೆ.

ಈ ವಿದ್ಯೆ ನಮ್ಮಲ್ಲಿ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಜೇಶ್ವರಿ ಚಟರ್ಜಿ ಮತ್ತು ಅವರ ಪತಿ ಶಿಶಿರ್ ಕುಮಾರ್ ಚಟರ್ಜಿ 1950ರ ದಶಕದಲ್ಲೇ ಮೈಕ್ರೋವೇವ್ ಸಂಶೋಧನೆಗೆ ತಳಹದಿ ಹಾಕಿದ್ದರು.

ಮತ್ತೆ ತಟ್ಟೆಗೆ ಬಂದರೆ, ಅದು ದೊಡ್ಡದಾದಷ್ಟೂ ಕಿರಣ ಸಪೂರ. ಬೆಂಗಳೂರಿನಿಂದ ಸುಮಾರು 40 ಕಿ.ಮೀ. ದೂರದ ಬ್ಯಾಲಾಳಿನಲ್ಲಿ ಇಸ್ರೋದ ತಟ್ಟೆ 32 ಮೀಟರ್ ಅಗಲವಿದೆ. 2008ರ ಅಕ್ಟೋಬರ್ 22ರಂದು ಹೊರಟ ಚಂದ್ರಯಾನ-1 ನೌಕೆಯ ಸದ್ದು ಕೇಳಲೆಂದೇ ಅದನ್ನು ಕಟ್ಟಿದ್ದು. ಸುಮಾರು 3.6 ಸೆಂ.ಮೀ. ಅಲೆಯಲ್ಲಿ ಅದರ ನೋಟ ಚಂದ್ರನ ಬಳಿ 500 ಕಿ.ಮೀ. ಅಗಲವಷ್ಟೇ, ಚಂದ್ರನ ಅಡ್ಡಳತೆಯೋ 3,474 ಕಿ.ಮೀ.

ಇಂಥ ನೌಕೆಗಳು ಭೂಮಿಯಿಂದ ಬಂದ ಅಲೆಗೆ ಹೆಜ್ಜೆ ಕೂಡಿಸಿಯೇ ಉತ್ತರ ಕೊಡುತ್ತವೆ. ನೌಕೆ ದೂರ ಸರಿಯುತ್ತಿದ್ದರೆ ಉತ್ತರದ ತಾಳ ಕೊಂಚ ನಿಧಾನ, ಹತ್ತಿರ ಬರುತ್ತಿದ್ದರೆ ಚುರುಕು. ಆ ವ್ಯತ್ಯಾಸ ಅಳೆದೇ ನೌಕೆಯ ವೇಗವನ್ನು ಲೆಕ್ಕ ಹಾಕುತ್ತಾರೆ. ಚಂದ್ರನಿಂದ ಆ ಉತ್ತರ ಇಲ್ಲಿಗೆ ತಲುಪಲು ಒಂದೂಕಾಲು ಸೆಕೆಂಡು ಸಾಕು.