ಪಳಗುವ ಕೈ

ಸಾಗರ ತಾಲ್ಲೂಕಿನ ಕಡೆ ದೀವರ ಸಮುದಾಯದ ಹೆಣ್ಣುಮಕ್ಕಳು ಮನೆಗೋಡೆಗೆ ಹಸೆ ಚಿತ್ತಾರ ಬರೆಯುತ್ತಾರೆ. ಕೆಮ್ಮಣ್ಣು ಬಳಿದ ಗೋಡೆ. ಅಕ್ಕಿ ಅರೆದರೆ ಬಿಳಿ, ಅದೇ ಅಕ್ಕಿ ಸೀಯುವಂತೆ ಹುರಿದರೆ ಕಪ್ಪು. ಕುಂಚವೆಂದರೆ ಪುಂಡಿ ನಾರು. ಅಂಗಡಿಗೆ ಹೋಗುವ ಮಾತೇ ಇಲ್ಲ, ನೋಡಿ.

ಹೊಸಬರ ಗೆರೆ ನಡುಗುತ್ತದೆ. ನಡುಗಲಿ. ನಮ್ಮದೇ ಗೋಡೆ, ಅಂಕ ಕೊಡುವವರಿಲ್ಲ. ಭೂಮಿ ಹುಣ್ಣಿಮೆ ಹಬ್ಬ ಬಂದರೆ ಪೂಜೆಯ ಬುಟ್ಟಿಯ ಮೇಲೂ ಚಿತ್ತಾರ. ಹೀಗೆ ಮನೆ ಚೆಂದ ಮಾಡುತ್ತ ಮಾಡುತ್ತ ಕೈ ಪಳಗುತ್ತದೆ, ಕಣ್ಣೂ ಪಳಗುತ್ತದೆ. ಎಲ್ಲಿ ಖಾಲಿ ಬಿಡಬೇಕು ಎಂಬುದು ಗೊತ್ತಾಗುತ್ತದೆ. ನನ್ನನ್ನು ಕೇಳಿದರೆ ಅದೇ ಕಷ್ಟದ ಪಾಠ.

ನಿಮ್ಮದು ಬಾಡಿಗೆ ಮನೆಯೇ? ಮೊಳೆ ಹೊಡೆಯಲೂ ಓನರ್ ಬಿಡುವುದಿಲ್ಲವೇ? ಬಾಗಿಲ ಮುಂದಿನ ರಂಗೋಲಿಗೆ ಯಾರ ಅಪ್ಪಣೆಯೂ ಬೇಡ. ಇವತ್ತು ಪುಸ್ತಕ ನೋಡದೆ ಒಂದು ಹಾಕಿ.